ಮೊದಲ ಐದು ನಿಮಿಷದಲ್ಲಿ ಸಾಯುವವರು

ಸೈನೈಡ್ ಮೋಹನನ ಹೆಸರು ಕೇಳಿರುವವರು ಒಮ್ಮೆ ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದೀರಿ. ಇಳಿಸಬೇಡಿ. ಅವನು ಏನು ಕೆಲಸದಲ್ಲಿದ್ದ ಎಂದು ಗೊತ್ತಿರುವವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ. ಹೌದು, ಪ್ರಾಥಮಿಕ ಶಾಲೆಯ ಮೇಷ್ಟ್ರು. ಇನ್ನೂ ಅರ್ಧದಷ್ಟು ಕೈಗಳು ಮೇಲಿವೆ. ಈಗ ಕಡೆಯ ಪ್ರಶ್ನೆ. ಅವನು ಕೊಂದ ಇಪ್ಪತ್ತು ಹೆಣ್ಣುಮಕ್ಕಳಲ್ಲಿ ಯಾರಾದರೂ ಒಬ್ಬಳ ಹೆಸರು, ಅವಳು ಮಾಡುತ್ತಿದ್ದ ಕೆಲಸ ಗೊತ್ತಿರುವವರು? ಎಲ್ಲ ಕೈಗಳೂ ಇಳಿದವು.

ನಿಮ್ಮನ್ನು ನಾಚಿಸಬೇಕೆಂದು ಕೇಳಿದ್ದಲ್ಲ. ನಾನು ಮಂಗಳೂರಿನಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಕೂತವಳು. 2009ರ ಅಕ್ಟೋಬರಿನಲ್ಲಿ ಅವನ ಬಂಧನವಾದಾಗ ಆ ಸುದ್ದಿಯ ಪುಟ ಕಟ್ಟಿದವರಲ್ಲಿ ನಾನೂ ಇದ್ದೆ. ನನಗೂ ಆ ಇಪ್ಪತ್ತು ಹೆಸರುಗಳು ಬಾಯಿಗೆ ಬರುವುದಿಲ್ಲ. ಅವನ ಹೆಸರು ಮಾತ್ರ ನಡುರಾತ್ರಿ ಎಬ್ಬಿಸಿ ಕೇಳಿದರೂ ಬರುತ್ತದೆ. ಇದು ಹೇಗಾಯಿತು ಎಂದು ಯೋಚಿಸುತ್ತಾ ಹೋದ ಹಾಗೆ ನಾನು ಬಂದು ಕೂತದ್ದು ಟೀವಿಯ ಮುಂದೆ. ಅಪರಾಧದ ಕಥೆಯನ್ನು ಹೇಗೆ ಕೇಳಬೇಕು, ಅದರಲ್ಲಿ ಯಾರನ್ನು ನೆನಪಿಟ್ಟುಕೊಳ್ಳಬೇಕು ಎಂದು ನಮಗೆ ಮೂವತ್ತು ವರ್ಷದಿಂದ ಪಾಠ ಹೇಳುತ್ತಾ ಬಂದಿರುವುದು ಅದೇ.

ಆ ಕಥೆಗಳಲ್ಲಿ ಮೂರು ಬಗೆಯ ಜನ ಇರುತ್ತಾರೆ. ಕೊಂದವರು, ಹುಡುಕುವವರು, ಸತ್ತವರು. ಮೊದಲಿಬ್ಬರಿಗೆ ಕಥೆ ಸಿಗುತ್ತದೆ. ಮೂರನೆಯವರಿಗೆ ಒಂದು ಫೋಟೋ ಸಿಗುತ್ತದೆ. ಸತ್ತವರಿಗಾಗಿ ಅಳುವುದರಲ್ಲಿ ಟೀವಿ ಯಾವತ್ತೂ ಹಿಂದೆ ಬಿದ್ದಿಲ್ಲ, ಪಿಟೀಲಿನ ಸಂಗೀತ ಬೇಕಾದಷ್ಟು ಇರುತ್ತದೆ. ಆದರೆ ಬದುಕಿದ್ದಾಗ ಅವರು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಯಾವ ಕೆಲಸದಲ್ಲಿ ಅವರ ಕೈ ಚೆನ್ನಾಗಿತ್ತು ಎಂದು ತೋರಿಸಲು ಹತ್ತು ನಿಮಿಷ ಕೊಟ್ಟದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ನಮ್ಮ ಮನೆಯ ಟೀವಿಯಿಂದಲೇ ಶುರು ಮಾಡುತ್ತೇನೆ. ಸೋನಿ ವಾಹಿನಿಯ ‘ಸಿಐಡಿ’ 1998ರ ಜನವರಿಯಲ್ಲಿ ಶುರುವಾಯಿತು. 2018ರ ಅಕ್ಟೋಬರ್‌ವರೆಗೆ ಇಪ್ಪತ್ತು ವರ್ಷ ಓಡಿ, 2024ರ ಕೊನೆಗೆ ಮತ್ತೆ ಬಂತು. ಹಿಂದಿ ಅಷ್ಟಕ್ಕಷ್ಟೇ ತಿಳಿಯುತ್ತಿದ್ದ ನಮ್ಮ ಮನೆಯಲ್ಲೂ ಊಟದ ತಟ್ಟೆ ಹಿಡಿದುಕೊಂಡು ನೋಡುತ್ತಿದ್ದೆವು. ಎಸಿಪಿ ಪ್ರದ್ಯುಮ್ನ ಬೆರಳು ತಿರುಗಿಸುತ್ತಾ ‘ಕುಛ್ ತೋ ಗಡಬಡ್ ಹೈ’ ಎನ್ನುವುದು, ದಯಾ ಬಾಗಿಲು ಒಡೆಯುವುದು, ಲ್ಯಾಬಿನಲ್ಲಿ ಡಾಕ್ಟರ್ ಸಾಳುಂಖೆಗೂ ಎಸಿಪಿಗೂ ನಡೆಯುವ ಮಾತಿನ ಚಕಮಕಿ, ಇವೆಲ್ಲ ನಮಗೆ ನೆಂಟರಿಷ್ಟರ ಸ್ವಭಾವದಷ್ಟೇ ಪರಿಚಯ. ಆ ಇಪ್ಪತ್ತು ವರ್ಷದಲ್ಲಿ ಅಲ್ಲಿ ಎಷ್ಟು ಜನ ಸತ್ತಿರಬೇಕು! ಒಬ್ಬರ ಮುಖವೂ ನನಗೆ ನೆನಪಿಲ್ಲ.

ನನ್ನ ಅಮ್ಮನಿಗೆ ಒಂದು ಅಭ್ಯಾಸವಿತ್ತು. ಕಾರ್ಯಕ್ರಮ ಅರ್ಧಕ್ಕೆ ಬಂದಿರುತ್ತದೆ, ದಯಾ ಎರಡು ಬಾಗಿಲು ಒಡೆದಾಗಿರುತ್ತದೆ, ಅಪರಾಧಿಯ ಹಿಂದೆ ಜೀಪು ಓಡುತ್ತಿರುತ್ತದೆ. ಆಗ ಅಮ್ಮ ಕೇಳುತ್ತಿದ್ದರು, “ಆ ಹುಡುಗಿಯ ಮನೆಯವರಿಗೆ ಹೇಳಿ ಆಯ್ತಾ?” ನಮಗೆ ನಗು ಬರುತ್ತಿತ್ತು. ‘ಅದೆಲ್ಲ ಮುಗಿದು ಹೋಯ್ತಮ್ಮ, ಈಗ ಕಳ್ಳ ಸಿಗ್ತಾನೆ ನೋಡು’ ಎನ್ನುತ್ತಿದ್ದೆವು. ಅಮ್ಮನಿಗೆ ಅದು ಮುಗಿದಿರುತ್ತಿರಲಿಲ್ಲ. ಈ ವಿಷಯದ ಬಗ್ಗೆ ನಾನು ಎಷ್ಟೋ ಲೇಖನ ಓದಿದ್ದೇನೆ, ಅವೆಲ್ಲಕ್ಕಿಂತ ಅಮ್ಮನ ಆ ಪ್ರಶ್ನೆಯೇ ನನಗೆ ದಾರಿ ತೋರಿಸಿದ್ದು.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಒಂದು ಸರಳ ಕಾರಣ ಧಾರಾವಾಹಿಯ ಲೆಕ್ಕಾಚಾರ. ಪೊಲೀಸ್ ಪಾತ್ರದವರು ಮುಂದಿನ ವಾರವೂ ಬರಬೇಕು, ಅದರ ಮುಂದಿನ ವಾರವೂ ಬರಬೇಕು. ವಾಹಿನಿಯ ಬಂಡವಾಳವೇ ಅವರು. ಅವರಿಗೆ ಮುರಿದ ಮದುವೆ, ಕುಡಿತ, ನಿದ್ದೆ ಬಾರದ ರಾತ್ರಿ ಎಲ್ಲ ಬರೆದು ಕೊಡುತ್ತಾರೆ. ಅಪರಾಧಿಯ ಪಾತ್ರಕ್ಕೆ ಒಳ್ಳೆಯ ನಟರು ಆಸೆಪಡುತ್ತಾರೆ, ಪ್ರಶಸ್ತಿ ಬರುವುದು ಅದಕ್ಕೆ. ಸತ್ತವರ ಪಾತ್ರಕ್ಕೆ ಒಂದು ದಿನದ ಕಾಲ್‌ಶೀಟ್ ಸಾಕು. ನೆಲದ ಮೇಲೆ ಕಣ್ಣು ತೆರೆದು, ಉಸಿರು ಬಿಗಿಹಿಡಿದು ಮಲಗಿದರೆ ಆಯಿತು.

ಇನ್ನೊಂದು ಕಾರಣ ಇದಕ್ಕಿಂತ ಹಳೆಯದು, ಕೋರ್ಟಿನಿಂದ ಬಂದದ್ದು. 1990ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ ‘ಲಾ ಆ್ಯಂಡ್ ಆರ್ಡರ್’ ಶುರುವಾಯಿತಲ್ಲ, ಅದರ ಪ್ರತಿ ಕಂತಿನ ಮೊದಲಿಗೆ ಒಂದು ಗಂಭೀರ ದನಿ ಕೇಳುತ್ತದೆ. ಅಪರಾಧ ನ್ಯಾಯ ವ್ಯವಸ್ಥೆಯಲ್ಲಿ ಜನರ ಪರವಾಗಿ ನಿಲ್ಲುವವರು ಎರಡು ಗುಂಪಿನವರು, ತನಿಖೆ ಮಾಡುವ ಪೊಲೀಸರು ಮತ್ತು ಮೊಕದ್ದಮೆ ನಡೆಸುವ ವಕೀಲರು, ಇದು ಅವರ ಕಥೆ ಎಂದು ಆ ದನಿ ಹೇಳುತ್ತದೆ. ಅಂದರೆ ಯಾರ ಕಥೆ ಎಂಬುದನ್ನು ಮೊದಲೇ ಹೇಳಿಬಿಟ್ಟರು. ಅದರಲ್ಲಿ ಮೋಸವಿಲ್ಲ. ನಮ್ಮ ಕೋರ್ಟಿನಲ್ಲೂ ಹಾಗೆಯೇ ಇದೆ. ಪ್ರಕರಣದ ಶೀರ್ಷಿಕೆ ‘ಕರ್ನಾಟಕ ರಾಜ್ಯ ವಿರುದ್ಧ ಇಂಥವನು’ ಎಂದಿರುತ್ತದೆ. ಆರೋಪಿ ಎ1. ಪೆಟ್ಟು ತಿಂದು ಬದುಕಿ ಉಳಿದವರು ಪ್ರಾಸಿಕ್ಯೂಷನ್ನಿನ ಸಾಕ್ಷಿ, ಪಿಡಬ್ಲ್ಯು 1. ಸತ್ತಿದ್ದರೆ ಅವರ ಸೀರೆ ಎಂಒ 3, ಚಪ್ಪಲಿ ಎಂಒ 4, ಮುದ್ದೆಮಾಲಿನ, ಅಂದರೆ ಸಾಕ್ಷ್ಯಕ್ಕೆಂದು ಹಿಡಿದಿಟ್ಟ ವಸ್ತುಗಳ ಪಟ್ಟಿಯಲ್ಲಿ. ಕೋರ್ಟಿನ ವರದಿಗಳನ್ನು ತಿದ್ದುವಾಗ ಇದನ್ನೆಲ್ಲ ನಾನು ದಿನವೂ ನೋಡುತ್ತಿದ್ದೆ. ತೀರ್ಪಿನ ಸುದ್ದಿಯಲ್ಲಿ ಚಪ್ಪಲಿಯ ಬಣ್ಣ ಇರುತ್ತಿತ್ತು, ಅದನ್ನು ಹಾಕಿಕೊಂಡು ನಡೆದವಳು ಇರುತ್ತಿರಲಿಲ್ಲ.

ಇಲ್ಲಿ ಒಂದು ಮಾತು, ವಿಷಯದಿಂದ ಸ್ವಲ್ಪ ಆಚೆ. ಇಂಗ್ಲಿಷಿನ ‘ವಿಕ್ಟಿಮ್’ ಎಂಬುದಕ್ಕೆ ನಾವು ಕನ್ನಡದಲ್ಲಿ ಏನೆನ್ನುತ್ತೇವೆ? ಪತ್ರಿಕೆಯಲ್ಲಿ ಬಹಳ ಕಾಲ ‘ಬಲಿಪಶು’ ಎಂದು ಬರೆದೆವು. ಪಶು! ಬಲಿ ಕೊಡುವವನಿಗೆ ಹೆಸರಿದೆ, ಬಲಿ ಪಡೆಯುವ ದೈವಕ್ಕೂ ಹೆಸರಿದೆ, ಪಶುವಿನ ಹೆಸರನ್ನು ಯಾರೂ ಕೇಳುವುದಿಲ್ಲ. ಆಮೇಲೆ ‘ಸಂತ್ರಸ್ತೆ’ ಬಂತು. ನೆರೆ ಸಂತ್ರಸ್ತರು, ಯೋಜನಾ ಸಂತ್ರಸ್ತರು ಎನ್ನುತ್ತೇವಲ್ಲ, ಅದೇ ಪದ. ಅದರೊಳಗಿರುವುದು ಹೆದರಿಕೆ ಮಾತ್ರ. ನನಗೆ ಹಿಡಿಸಿದ್ದು ಹಳ್ಳಿಯ ಪದ, ‘ನೊಂದವರು’. ನೋಯುವುದಕ್ಕೆ ಮೊದಲು ಅವರು ಬೇರೆ ಏನೋ ಆಗಿದ್ದರು, ನೊಂದ ಮೇಲೂ ಏನೋ ಆಗಿ ಉಳಿಯುತ್ತಾರೆ ಎಂಬುದಕ್ಕೆ ಆ ಪದದಲ್ಲಿ ಜಾಗವಿದೆ.

ಅಪರಾಧಿಯ ಕಡೆಗೆ ಬರೋಣ. 2022ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಜೆಫ್ರಿ ಡಾಮರ್ ಎಂಬ ಸರಣಿ ಕೊಲೆಗಾರನ ಬಗ್ಗೆ ಒಂದು ಧಾರಾವಾಹಿ ಬಂತು. 1978ರಿಂದ 1991ರ ನಡುವೆ ಹದಿನೇಳು ಯುವಕರನ್ನು, ಹುಡುಗರನ್ನು ಕೊಂದವನು ಅವನು. ಹೆಚ್ಚಿನವರು ಬಡವರು, ಕಪ್ಪು ಜನ, ಸಲಿಂಗಿಗಳು. ಪೊಲೀಸರು ಅವರ ಬಗ್ಗೆ ತಲೆಕೆಡಿಸಿಕೊಳ್ಳದೆ ಇದ್ದದ್ದನ್ನೇ ಹೇಳುತ್ತೇವೆ ಎಂಬುದು ಮಾಡಿದವರ ಮಾತಾಗಿತ್ತು. ಆರನೆಯ ಕಂತು ನಿಜಕ್ಕೂ ಹಾಗಿದೆ. ಕಿವಿ ಕೇಳದ ಒಬ್ಬ ಯುವಕನ ಬಾಲ್ಯದಿಂದ ಶುರುವಾಗಿ, ಅವನ ಅಮ್ಮ, ಗೆಳೆಯರು, ಅವನ ಆಸೆ ಎಲ್ಲ ಬರುತ್ತವೆ. ಅದನ್ನು ನೋಡಿದಾಗ ಎದೆ ಭಾರವಾಯಿತು. ಆದರೆ ಇಡೀ ಸರಣಿಯ ಹೆಸರು ಯಾರದು? ಕೊಲೆಗಾರನದು. ಪೋಸ್ಟರಿನ ಮುಖ ಯಾರದು? ಅವನದೇ. 1992ರಲ್ಲಿ ಕೋರ್ಟಿನಲ್ಲಿ ನಿಂತು ಸತ್ತ ತಮ್ಮನಿಗಾಗಿ ಕೂಗಾಡಿದ್ದ ಅಕ್ಕನ ದೃಶ್ಯವನ್ನು ಬಟ್ಟೆ, ಕೂದಲು, ಮಾತು ಸಮೇತ ಹಾಗೆಯೇ ಮರುಸೃಷ್ಟಿ ಮಾಡಿದ್ದರು. ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂದು ಆಕೆ ಹೇಳಿದರು. ಆ ವರ್ಷ ಹ್ಯಾಲೋವೀನ್ ಹಬ್ಬಕ್ಕೆ ಜನ ಕೊಲೆಗಾರನ ವೇಷದ ಕನ್ನಡಕ, ಅಂಗಿ ಮಾರಲು ಶುರು ಮಾಡಿದರು, ಇಬೇ ಎಂಬ ಆನ್‌ಲೈನ್ ಮಾರಾಟದ ತಾಣ ಅದನ್ನು ತಡೆಯಬೇಕಾಯಿತು. ಪಾತ್ರ ಮಾಡಿದ ನಟನಿಗೆ 2023ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಬಂತು. ಅವರು ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ನನ್ನ ಮನಸ್ಸು ಮಾತ್ರ ಆ ಅಕ್ಕನ ಹತ್ತಿರವೇ ನಿಂತಿತು. ತನ್ನ ಜೀವನದ ಅತ್ಯಂತ ಕೆಟ್ಟ ದಿನವನ್ನು ಇನ್ನೊಬ್ಬರು ನಟಿಸುವುದನ್ನು ಮನೆಯ ಟೀವಿಯಲ್ಲಿ ನೋಡುವುದು ಹೇಗಿರುತ್ತದೆ?

ಬೇರೆಯವರನ್ನು ಬೈದು ಸುಮ್ಮನಾಗುವ ಹಾಗಿಲ್ಲ. ನಾವೂ ಕೊಂದವರಿಗೆ ಬಿರುದು ಕೊಡುತ್ತೇವೆ. ಸೈನೈಡ್ ಮಲ್ಲಿಕಾ, ಸೈನೈಡ್ ಮೋಹನ. ವಿಷದ ಹೆಸರೇ ಮನೆತನದ ಹೆಸರಿನ ಹಾಗೆ ಅಂಟಿಕೊಂಡಿತು. ಸತ್ತವರಿಗೆ ಕೊಟ್ಟದ್ದು ಸಂಖ್ಯೆ. ‘ಹನ್ನೆರಡನೇ ಪ್ರಕರಣದ ಮಹಿಳೆ.’ ಅಂಥ ಸಾಲುಗಳನ್ನು ನಾನೇ ಬರೆದಿದ್ದೇನೆ.

ಸತ್ತ ಹುಡುಗಿಯ ಫೋಟೋ ಎಂದೆನಲ್ಲ, ಆ ಫೋಟೋಗೆ ಒಂದು ಚರಿತ್ರೆಯೇ ಇದೆ. 1990ರ ‘ಟ್ವಿನ್ ಪೀಕ್ಸ್’ನಲ್ಲಿ ನದಿ ದಂಡೆಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಲಾರಾ ಪಾಮರ್ ಎಂಬ ಹುಡುಗಿಯ ಹೆಣ ಬರುತ್ತದೆ. ನಗುತ್ತಿರುವ ಅವಳ ಫೋಟೋ ಹೆಚ್ಚಿನ ಕಂತುಗಳ ಕೊನೆಗೆ, ಹೆಸರುಗಳು ಉರುಳುವಾಗ ಹಿಂದೆ ಇರುತ್ತದೆ. ಆಮೇಲೆ ಬಂದ ಎಷ್ಟು ಸರಣಿಗಳಲ್ಲಿ ಅಂಥದ್ದೇ ಫೋಟೋ, ಅಂಥದ್ದೇ ನಗು! ಆದರೆ ಆ ಕಥೆ ಕಟ್ಟಿದ ಡೇವಿಡ್ ಲಿಂಚ್ ಅಲ್ಲಿಗೇ ಬಿಡಲಿಲ್ಲ. 1992ರಲ್ಲಿ ಸಿನಿಮಾ ಮಾಡಿ, ಲಾರಾಳ ಕಡೆಯ ದಿನಗಳನ್ನು ಅವಳ ಕಣ್ಣಿನಿಂದಲೇ ತೋರಿಸಿದರು. ನೋಡಲು ಬಹಳ ಕಷ್ಟವಾಗುವ ಸಿನಿಮಾ. ಬಂದಾಗ ಜನರಿಗೆ ಹಿಡಿಸಲಿಲ್ಲ. ಫೋಟೋದಲ್ಲಿ ಅವಳು ಇಷ್ಟವಾಗಿದ್ದಳು, ಮಾತಾಡಿದಾಗ ಆಗಲಿಲ್ಲ. ಇದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

1991ರ ಬ್ರಿಟನ್ನಿನ ‘ಪ್ರೈಮ್ ಸಸ್ಪೆಕ್ಟ್’ ಕೂಡ ಈ ದೃಷ್ಟಿಯಿಂದ ನೋಡಬೇಕಾದದ್ದು. ಅದರಲ್ಲಿ ಹೆಲೆನ್ ಮಿರೆನ್ ಮಾಡಿದ ಜೇನ್ ಟೆನಿಸನ್ ಪಾತ್ರವನ್ನು ಎಲ್ಲರೂ ಹೊಗಳುತ್ತಾರೆ, ಗಂಡಸರ ಠಾಣೆಯಲ್ಲಿ ಹೆಣ್ಣೊಬ್ಬಳ ಹೋರಾಟ ಎಂದು. ಆದರೆ ಅವಳು ತನಿಖೆ ವಹಿಸಿಕೊಂಡ ಮೇಲೆ ಮೊದಲು ಕಂಡುಹಿಡಿಯುವುದೇನು ಗೊತ್ತೇ? ಸತ್ತವಳ ಗುರುತೇ ತಪ್ಪಾಗಿದೆ. ಅವಳಿಗಿಂತ ಮುಂಚೆ ಇದ್ದ ಗಂಡಸರು ಹೆಣವನ್ನು ನೋಡಿ, ‘ಇವಳು ಆ ಕಸುಬಿನವಳು’ ಎಂದು ಬೇರೆ ಯಾರದೋ ಹೆಸರು ಬರೆದು ಮುಗಿಸಿದ್ದರು. ತನಿಖೆ ನಿಜವಾಗಿ ಶುರುವಾಗುವುದು ಸತ್ತವಳಿಗೆ ಅವಳ ಹೆಸರು ವಾಪಸು ಸಿಕ್ಕಿದ ಮೇಲೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ‘ಕ್ರೈಂ ಪೆಟ್ರೋಲ್’ 2003ರಲ್ಲಿ ಬಂತು, ‘ಸಾವಧಾನ್ ಇಂಡಿಯಾ’ 2012ರಲ್ಲಿ. ಇವು ನಡೆದ ಘಟನೆಗಳನ್ನು ಆಧರಿಸಿದವು, ಅದರಲ್ಲೂ ‘ಕ್ರೈಂ ಪೆಟ್ರೋಲ್’ ನೊಂದವರ ಮನೆಯೊಳಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ನಿಂತಿದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಕಡೆಗೆ ನಿರೂಪಕರು ಬಂದು ಹೇಳುವ ಪಾಠ ಯಾರಿಗೆ? ಎಚ್ಚರವಾಗಿರಿ, ಜೋಪಾನವಾಗಿರಿ. ಕಾರ್ಯಕ್ರಮದ ಹೆಸರೇ ‘ಸಾವಧಾನ್’. ಆ ಮಾತು ಹೋಗಿ ಮುಟ್ಟುವುದು ನಾಳೆ ನೊಂದವರಾಗಬಹುದಾದವರಿಗೆ. ನೀನು ಆ ಹೊತ್ತಿನಲ್ಲಿ ಒಬ್ಬಳೇ ಹೋಗಬಾರದಿತ್ತು, ಫೋನಿನಲ್ಲಿ ಪರಿಚಯವಾದವನನ್ನು ನಂಬಬಾರದಿತ್ತು, ಅಮ್ಮನಿಗೆ ಹೇಳಬೇಕಿತ್ತು. ನಮ್ಮ ವಿದ್ಯಾರ್ಥಿನಿಯೊಬ್ಬಳು ಹೇಳಿದಳು, “ಮೇಡಂ, ನಮ್ಮ ಮನೆಯಲ್ಲಿ ಆ ಕಾರ್ಯಕ್ರಮ ಮುಗಿದ ಮಾರನೇ ದಿನ ನನ್ನ ಫೋನ್ ಚೆಕ್ ಮಾಡ್ತಾರೆ. ಅಣ್ಣನದ್ದು ಮಾಡೋದಿಲ್ಲ.”

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಮನೆಯವರಿಗೆ ಹೇಳಿ ಆಯ್ತಾ?

2007ರಲ್ಲಿ ಡೆನ್ಮಾರ್ಕಿನ ಸಾರ್ವಜನಿಕ ವಾಹಿನಿ ಡಿಆರ್ ಒಂದು ಧಾರಾವಾಹಿ ಪ್ರಸಾರ ಮಾಡಿತು. ‘ಫೋರ್‌ಬ್ರುಡೆಲ್ಸೆನ್’, ಇಂಗ್ಲಿಷಿನಲ್ಲಿ ‘ದ ಕಿಲ್ಲಿಂಗ್’ ಎಂದು ಹೆಸರಾಯಿತು. ಒಂದೇ ಕೊಲೆ, ಇಪ್ಪತ್ತು ಕಂತು. ಒಂದೊಂದು ಕಂತೂ ತನಿಖೆಯ ಒಂದೊಂದು ದಿನ. ಸತ್ತವಳು ನಾನ್ನಾ, ಹತ್ತೊಂಬತ್ತು ವರ್ಷದವಳು. ಅಪ್ಪ ಥೈಸ್, ಮನೆ ಸಾಮಾನು ಸಾಗಿಸುವ ಲಾರಿ ವ್ಯಾಪಾರದವನು. ಅಮ್ಮ ಪೆರ್ನಿಲೆ. ಚಿಕ್ಕವರು ಇಬ್ಬರು ಗಂಡುಮಕ್ಕಳು. ಮೊದಲ ಕಂತಿನಲ್ಲಿ ಮಗಳು ಮನೆಗೆ ಬಂದಿಲ್ಲವೆಂದು ಅಪ್ಪ ಹುಡುಕುತ್ತಾ ಹೋಗುತ್ತಾನೆ. ಪೊಲೀಸರು ನೀರಿನಿಂದ ಕಾರು ಎತ್ತುತ್ತಿರುವ ಜಾಗಕ್ಕೆ ಬಂದು ಮುಟ್ಟುತ್ತಾನೆ. ಕೈಯಲ್ಲಿ ಫೋನಿದೆ, ಆ ಕಡೆ ಅಮ್ಮ ಇದ್ದಾಳೆ. ಪೊಲೀಸರು ಅವನನ್ನು ತಡೆಯುತ್ತಾರೆ. ಅವನಿಗೆ ಅರ್ಥವಾಗುತ್ತದೆ. ಅವನ ಕೂಗನ್ನು ಅಮ್ಮ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾಳೆ. ಅವಳಿಗೆ ಯಾರೂ ಬಂದು ಹೇಳಲಿಲ್ಲ, ಒಂದು ವಾಕ್ಯವನ್ನೂ ಆಡಲಿಲ್ಲ. ಕೂಗಿನಲ್ಲೇ ಸುದ್ದಿ ಮುಟ್ಟಿತು. ನಾನು ಅದನ್ನು ನೋಡಿದ ರಾತ್ರಿ ಎದ್ದು ಹೋಗಿ, ಬೇರೆ ಊರಲ್ಲಿ ಓದುತ್ತಿದ್ದ ಮಗಳಿಗೆ ಫೋನ್ ಮಾಡಿದೆ. ಮಾತಾಡಲು ಏನೂ ಇರಲಿಲ್ಲ. ಊಟ ಆಯ್ತಾ ಎಂದು ಕೇಳಿ ಇಟ್ಟೆ.

ಅಲ್ಲಿಂದ ಮುಂದೆ ಹತ್ತೊಂಬತ್ತು ಕಂತುಗಳಲ್ಲಿ ಆ ಮನೆಯವರನ್ನು ಕಥೆ ಬಿಡುವುದೇ ಇಲ್ಲ. ಚಿಕ್ಕ ಮಕ್ಕಳಿಗೆ ಅಕ್ಕನ ವಿಷಯ ಹೇಗೆ ಹೇಳುವುದು. ಹೆಣ ಕೈಗೆ ಸಿಗುವುದು ಯಾವಾಗ. ಲಾರಿ ಕೆಲಸದವರಿಗೆ ಸಂಬಳ ಕೊಡಬೇಕಲ್ಲ. ಪೊಲೀಸರು ಬಂದು ಬಂದು ಹೊಸ ಹೊಸ ಅನುಮಾನ ಬಿತ್ತಿ ಹೋದಾಗ ಗಂಡ ಹೆಂಡತಿ ನಡುವೆ ಏನಾಗುತ್ತದೆ. ತನಿಖಾಧಿಕಾರಿ ಸಾರಾ ಲುಂಡಳ ಉಣ್ಣೆಯ ಸ್ವೆಟರು ಜಗತ್ತಿಗೆಲ್ಲ ಪ್ರಸಿದ್ಧವಾಯಿತು. ಆದರೆ ಆ ಸರಣಿಯನ್ನು ಹೊತ್ತು ನಿಲ್ಲಿಸಿದ್ದು ಆ ಅಪ್ಪ ಅಮ್ಮ. ಕಥೆ ನಿಧಾನವಾಯಿತೆಂದು ಜನ ಟೀವಿ ಆರಿಸಲಿಲ್ಲ. ‘ಸತ್ತವರ ಮನೆಯಲ್ಲಿ ಹೆಚ್ಚು ಹೊತ್ತು ನಿಂತರೆ ಪ್ರೇಕ್ಷಕ ಓಡಿಹೋಗುತ್ತಾನೆ’ ಎಂದು ಹೇಳುವವರಿಗೆ ನಾನು ಈ ಇಪ್ಪತ್ತು ಕಂತುಗಳನ್ನು ತೋರಿಸುತ್ತೇನೆ.

ಸಾಯದೆ ಉಳಿದವರ ವಿಷಯ ಇನ್ನೂ ಕಷ್ಟ, ಯಾಕೆಂದರೆ ಅವರು ಮಾತಾಡುತ್ತಾರೆ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಅನ್‌ಬಿಲೀವಬಲ್’ ಎಂಟು ಕಂತಿನದು. ನಿಜವಾಗಿ ನಡೆದದ್ದು. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಿನ್‌ವುಡ್ ಎಂಬಲ್ಲಿ ಹದಿನೆಂಟು ವರ್ಷದ ಹುಡುಗಿ, ರಾತ್ರಿ ಮನೆಗೆ ನುಗ್ಗಿದವನೊಬ್ಬ ಅತ್ಯಾಚಾರ ಮಾಡಿದ ಎಂದು ದೂರು ಕೊಡುತ್ತಾಳೆ. ಅನಾಥಾಶ್ರಯದ ವ್ಯವಸ್ಥೆಯಲ್ಲಿ ಮನೆಯಿಂದ ಮನೆಗೆ ಬದಲಾಗಿ ಬೆಳೆದವಳು. ಪೊಲೀಸರು ನಂಬಲಿಲ್ಲ. ಒತ್ತಡ ಹೇರಿ, ಸುಳ್ಳು ಹೇಳಿದೆ ಎಂದು ಅವಳ ಬಾಯಲ್ಲೇ ಹೇಳಿಸಿದರು. ಸುಳ್ಳು ದೂರಿನ ಕೇಸು ಹಾಕಿದರು. 2011ರಲ್ಲಿ ಕೊಲೊರಾಡೊದಲ್ಲಿ ಇಬ್ಬರು ಮಹಿಳಾ ಪೊಲೀಸರು ಬೇರೆ ಪ್ರಕರಣಗಳ ಬೆನ್ನು ಹತ್ತಿ ಒಬ್ಬನನ್ನು ಹಿಡಿದಾಗ ಅವನ ಬಳಿ ಈ ಹುಡುಗಿಯ ಫೋಟೋ ಸಿಕ್ಕಿತು. ಆಮೇಲೆ ಊರಿನ ಆಡಳಿತ ಅವಳಿಗೆ 1,50,000 ಡಾಲರ್ ಪರಿಹಾರ ಕೊಟ್ಟಿತು.

ಆ ಸರಣಿಯ ಮೊದಲ ಕಂತಿನಲ್ಲಿ ಪತ್ತೇದಾರಿಕೆ ಇಲ್ಲ, ಬೆನ್ನಟ್ಟುವುದಿಲ್ಲ. ಹುಡುಗಿ ಹೇಳುತ್ತಾಳೆ. ಮೊದಲು ಬಂದ ಪೊಲೀಸನಿಗೆ ಹೇಳುತ್ತಾಳೆ. ಆಮೇಲೆ ಬಂದ ಅಧಿಕಾರಿಗೆ ಹೇಳುತ್ತಾಳೆ. ಆಸ್ಪತ್ರೆಯಲ್ಲಿ ಹೇಳುತ್ತಾಳೆ. ಠಾಣೆಗೆ ಕರೆಸಿ ಮತ್ತೆ ಹೇಳು ಎನ್ನುತ್ತಾರೆ. ಬರೆದು ಕೊಡು ಎನ್ನುತ್ತಾರೆ. ನಾಲ್ಕನೇ ಸಲ ಹೇಳುವಾಗ ಒಂದು ಸಣ್ಣ ವಿವರ ಹಿಂದುಮುಂದಾಗುತ್ತದೆ, ಮೊದಲು ಕೈಕಟ್ಟು ಬಿಡಿಸಿಕೊಂಡಳೋ, ಮೊದಲು ಫೋನ್ ಮಾಡಿದಳೋ ಎಂಬಂಥದ್ದು. ಅಷ್ಟು ಸಾಕಾಯಿತು ಅವರಿಗೆ. ನಾವು ಪ್ರೇಕ್ಷಕರು ಸಾಮಾನ್ಯವಾಗಿ ಪೊಲೀಸಿನವರ ಕುರ್ಚಿಯಲ್ಲಿ ಕೂತು, ಎದುರಿಗಿರುವವಳು ಸುಳ್ಳು ಹೇಳುತ್ತಿದ್ದಾಳೋ ಎಂದು ಅಳೆಯುತ್ತೇವೆ. ಈ ಸರಣಿ ನಮ್ಮನ್ನು ಎಬ್ಬಿಸಿ ಮೇಜಿನ ಆ ಕಡೆಯ ಕುರ್ಚಿಯಲ್ಲಿ ಕೂರಿಸುತ್ತದೆ. ಅಪರಾಧಿ ಯಾರು, ಅವನ ಬಾಲ್ಯ ಹೇಗಿತ್ತು ಎಂಬುದರ ಬಗ್ಗೆ ಅದಕ್ಕೆ ಆಸಕ್ತಿಯೇ ಇಲ್ಲ. ಅವನ ಬಗ್ಗೆ ಕುತೂಹಲ ಉಳಿಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಉಳಿಯಲಿಲ್ಲ.

ಅದೇ 2019ರಲ್ಲಿ ನಮ್ಮ ‘ಡೆಲ್ಲಿ ಕ್ರೈಂ’ ಬಂತು. 2012ರ ಡಿಸೆಂಬರಿನ ದೆಹಲಿ ಪ್ರಕರಣ. 2020ರಲ್ಲಿ ಇಂಟರ್‌ನ್ಯಾಷನಲ್ ಎಮ್ಮಿಯಲ್ಲಿ ಅತ್ಯುತ್ತಮ ಡ್ರಾಮಾ ಸರಣಿ ಎಂಬ ಪ್ರಶಸ್ತಿ ಪಡೆದ ಮೊದಲ ಭಾರತೀಯ ಸರಣಿ. ನಿರ್ದೇಶಕ ರಿಚಿ ಮೆಹ್ತಾ ಬಸ್ಸಿನೊಳಗೆ ಕ್ಯಾಮೆರಾ ಒಯ್ಯಲಿಲ್ಲ. ಆ ನಿರ್ಧಾರಕ್ಕೆ ನಾನು ಕೈ ಮುಗಿಯುತ್ತೇನೆ. ಶೆಫಾಲಿ ಶಾ ಮಾಡಿದ ಪೊಲೀಸ್ ಅಧಿಕಾರಿಯ ಪಾತ್ರವೂ ಮರೆಯುವಂಥದ್ದಲ್ಲ. ಆದರೂ ಆ ಅಧಿಕಾರಿಯ ಮಗಳ ಓದು, ವಿದೇಶಕ್ಕೆ ಹೋಗುವ ಅವಳ ಹಂಬಲ ನಮಗೆ ಎಷ್ಟು ಗೊತ್ತಾಗುತ್ತದೋ ಆಸ್ಪತ್ರೆಯ ಹಾಸಿಗೆಯಲ್ಲಿರುವ ಮಗಳ ಬಗ್ಗೆ ಅಷ್ಟು ಗೊತ್ತಾಗುವುದಿಲ್ಲ. ಇಲ್ಲಿ ಕಾನೂನಿನ ಮಾತೂ ಬರುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಬಹಿರಂಗ ಮಾಡುವಂತಿಲ್ಲ. ಹಿಂದೆ ಭಾರತೀಯ ದಂಡ ಸಂಹಿತೆಯ 228ಎ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ. ಅದು ಸರಿಯಾದ ಕಾನೂನು, ಅದನ್ನು ಸಡಿಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಹೆಸರು ಮುಚ್ಚಿಡುವುದಕ್ಕೂ ಮನುಷ್ಯಳನ್ನೇ ಮುಚ್ಚಿಡುವುದಕ್ಕೂ ವ್ಯತ್ಯಾಸವಿದೆ. ಬೇರೆ ಹೆಸರಿಟ್ಟು, ಬೇರೆ ಊರಿಟ್ಟು, ಒಬ್ಬ ಹುಡುಗಿಯ ಸ್ವಭಾವವನ್ನು ಕಥೆಗಾರ ಪೂರ್ತಿಯಾಗಿ ಕಟ್ಟಬಲ್ಲ. ಕಥೆ ಬರೆಯುವವರು ಬೇರೆ ಪಾತ್ರಗಳಿಗೆ ಅದನ್ನೇ ತಾನೇ ಮಾಡುವುದು?

ನಮ್ಮ ಕರಾವಳಿಗೆ ಬರುತ್ತೇನೆ. 2023ರ ಮೇ ತಿಂಗಳಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ‘ದಹಾಡ್’ ಬಂತು. ರೀಮಾ ಕಾಗ್ತಿ, ಜೋಯಾ ಅಖ್ತರ್ ಮಾಡಿದ್ದು. ಕಥೆ ನಡೆಯುವುದು ರಾಜಸ್ಥಾನದ ಮಂಡಾವಾದಲ್ಲಿ, ಆದರೆ ಅದರ ಬೇರು ನಮ್ಮ ಬಂಟ್ವಾಳದಲ್ಲಿದೆ, ಮೋಹನನ ಪ್ರಕರಣದಲ್ಲಿ. ನಮ್ಮ ಜಿಲ್ಲೆಯಲ್ಲಿ ನಡೆದದ್ದು ನಿಮಗೆಲ್ಲ ಗೊತ್ತು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಬಡ ಮನೆಯ ಹೆಣ್ಣುಮಕ್ಕಳು. ವರದಕ್ಷಿಣೆ ಇಲ್ಲದೆ ಮದುವೆಯಾಗುತ್ತೇನೆ ಎಂದು ಬಂದವನು. ಮನೆಯ ಒಡವೆ ಹಾಕಿಕೊಂಡು ಬಾ ಎನ್ನುತ್ತಾನೆ. ದೂರದ ಊರಿನ ಲಾಡ್ಜು. ಮಾರನೇ ಬೆಳಿಗ್ಗೆ ಒಡವೆ ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ಗರ್ಭ ನಿಲ್ಲದ ಹಾಗೆ ಮಾತ್ರೆ ಎಂದು ಸೈನೈಡ್ ಕೊಡುತ್ತಾನೆ. ಅವಳು ಅದನ್ನು ನುಂಗಲು ನಿಲ್ದಾಣದ ಶೌಚಾಲಯಕ್ಕೆ ಹೋಗುತ್ತಾಳೆ. ಆ ಊರಿನ ಪೊಲೀಸರಿಗೆ ಅದು ಅಪರಿಚಿತ ಶವ. ಯುಡಿಆರ್, ಅಂದರೆ ಅಸಹಜ ಸಾವು ಎಂದು ಬರೆದುಕೊಂಡರು. ಇತ್ತ ಮನೆಯಲ್ಲಿ, ಓಡಿಹೋದಳು ಎಂದು ತಲೆ ತಗ್ಗಿಸಿ ಕೂತರು. ಎಷ್ಟೋ ಮನೆಯವರು ದೂರನ್ನೇ ಕೊಡಲಿಲ್ಲ. 2009ರಲ್ಲಿ ಒಬ್ಬಳು ಕಾಣೆಯಾದಾಗ ಅನ್ಯಧರ್ಮದವನ ಜತೆ ಹೋಗಿರಬೇಕೆಂಬ ಮಾತು ಹಬ್ಬಿ, ಪ್ರತಿಭಟನೆಯಾಗಿ, ಆಮೇಲೆ ಫೋನ್ ಕರೆಗಳ ಜಾಡು ಹಿಡಿದಾಗ ಎಲ್ಲ ಹೊರಬಿತ್ತು. 2013ರಲ್ಲಿ ಗಲ್ಲಿನ ಶಿಕ್ಷೆಗಳು ಬಂದವು, ಕಡೆಯ ಪ್ರಕರಣದ ಶಿಕ್ಷೆ ಪ್ರಕಟವಾದದ್ದು 2020ರಲ್ಲಿ.

‘ದಹಾಡ್’ ಒಂದು ವಿಷಯವನ್ನು ಸರಿಯಾಗಿ ಹಿಡಿದಿದೆ. ಈ ಹೆಣ್ಣುಮಕ್ಕಳನ್ನು ಯಾರೂ ಹುಡುಕಲಿಲ್ಲ ಎಂಬುದೇ ಅದರ ಮುಖ್ಯ ಮಾತು. ತಂಗಿ ಕಾಣೆಯಾಗಿದ್ದಾಳೆ ಎಂದು ಅಣ್ಣನೊಬ್ಬ ಠಾಣೆಗೆ ಅಲೆಯುತ್ತಾನೆ, ಯಾರೂ ಕೇಳುವುದಿಲ್ಲ. ಮುಸ್ಲಿಂ ಹುಡುಗ ಕರೆದುಕೊಂಡು ಹೋದ ಎಂದ ಮೇಲೆಯೇ ಊರು ಏಳುವುದು. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸೋನಾಕ್ಷಿ ಸಿನ್ಹಾ ಮಾಡಿದ ದಲಿತ ಪೊಲೀಸ್ ಅಧಿಕಾರಿಗೆ ಮದುವೆಯಾಗು ಎಂದು ಮನೆಯಲ್ಲಿ ಒತ್ತಾಯ, ಸತ್ತವರಿಗೂ ಅದೇ ಒತ್ತಾಯ ಇತ್ತು, ಆ ಎಳೆಯೂ ಚೆನ್ನಾಗಿ ಬಂದಿದೆ. ಆದರೆ ಕೊಂದವನಿಗೆ ಎಷ್ಟೆಲ್ಲ ಇದೆ ನೋಡಿ. ಕಾಲೇಜಿನಲ್ಲಿ ಪಾಠ, ವಾರದ ಕೊನೆಗೆ ಮಕ್ಕಳಿಗೆ ಪುಸ್ತಕ ಹೊತ್ತು ತಿರುಗುವ ವ್ಯಾನು, ಹೆಂಡತಿ, ಮಗ, ಅಪ್ಪನ ಜತೆ ಜಗಳ. ಹೆಣ್ಣುಮಕ್ಕಳು ಮಾತ್ರ ಠಾಣೆಯ ಗೋಡೆಯ ಮೇಲೆ ಅಂಟಿಸಿದ ಫೋಟೋಗಳ ಸಾಲು. ಅವರು ಅವನನ್ನು ಯಾಕೆ ನಂಬಿದರು ಎಂದು ನನಗೆ ನೋಡಬೇಕಿತ್ತು. ದಡ್ಡರಾಗಿದ್ದರು ಎಂದು ಊರು ಹೇಳುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಮೂವತ್ತು ದಾಟಿದ ಹೆಣ್ಣು, ದಿನವೂ ‘ನಿನ್ನಿಂದ ತಂಗಿಯರ ಮದುವೆ ನಿಂತಿದೆ’ ಎಂದು ಕೇಳಿಸಿಕೊಂಡವಳು, ಮೊದಲ ಸಲ ಒಬ್ಬ ಗಂಡಸು ‘ನಿನಗೆ ಏನು ಇಷ್ಟ’ ಎಂದು ಕೇಳಿದಾಗ ಹೊಸ ಸೀರೆ ಉಟ್ಟು ಬಸ್ಸು ಹತ್ತಿದಳು. ಆ ಬೆಳಗಿನ ಅವಳ ಖುಷಿಯನ್ನು ಯಾರೂ ಬರೆದಿಲ್ಲ. ಅದು ನಿಜವಾದ ಖುಷಿಯಾಗಿತ್ತು ತಾನೇ?

ಕಾನೂನು ನಿಧಾನವಾಗಿ ನೊಂದವರ ಕಡೆ ತಿರುಗುತ್ತಿದೆ, ಅದನ್ನೂ ಹೇಳಬೇಕು. 2009ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿಯವರೆಗೆ ನಮ್ಮ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ‘ವಿಕ್ಟಿಮ್’ ಎಂದರೆ ಯಾರು ಎಂಬ ವ್ಯಾಖ್ಯಾನವೇ ಇರಲಿಲ್ಲ. 2018ರಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಆರೋಪಿ ಖುಲಾಸೆಯಾದರೆ ನೊಂದವರು ಯಾರ ಅನುಮತಿಗೂ ಕಾಯದೆ ಮೇಲ್ಮನವಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯ ಪ್ರಕಾರ ತನಿಖೆ ಎಲ್ಲಿಗೆ ಬಂತು ಎಂದು ತೊಂಬತ್ತು ದಿನದೊಳಗೆ ಪೊಲೀಸರೇ ಅವರಿಗೆ ತಿಳಿಸಬೇಕು. ಅಮ್ಮ ಇದ್ದಿದ್ದರೆ ಈ ಒಂದು ಕಲಂ ಅವರಿಗೆ ಓದಿ ಹೇಳುತ್ತಿದ್ದೆ.

ಇಲ್ಲಿ ಸ್ಕ್ರಿಪ್ಟ್ ಬರೆಯುವ ಹುಡುಗ ಹುಡುಗಿಯರು ಕೂತಿದ್ದೀರಿ ಎಂದು ಸಂಘಟಕರು ಹೇಳಿದರು. ನಿಮಗೆ ನಾನು ಕೇಳಿಕೊಳ್ಳುವುದು ಒಂದೇ. ಸಾಯುವವಳ ಸಾವನ್ನು ಬರೆಯುವುದಕ್ಕೆ ಮುಂಚೆ, ಅವಳಿಗೆ ಏನೂ ಆಗದ ಒಂದು ದಿನವನ್ನು ಬರೆಯಿರಿ. ತೆರೆಯ ಮೇಲೆ ಬರದಿದ್ದರೂ ಪರವಾಗಿಲ್ಲ, ನಿಮಗೆ ಗೊತ್ತಿರಲಿ. ಇದನ್ನು ನಾನು ಕಲಿತದ್ದು ಯಾವ ಧಾರಾವಾಹಿಯಿಂದಲೂ ಅಲ್ಲ.

ಪತ್ರಿಕೆಯಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆಗಳನ್ನು ನೀವು ನೋಡಿರುತ್ತೀರಿ. ಪ್ರಾಯ ಇಷ್ಟು, ಎತ್ತರ ಐದು ಅಡಿ, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಶರೀರ, ತುಳು ಕನ್ನಡ ಮಾತಾಡುತ್ತಾರೆ, ಪತ್ತೆಯಾದಲ್ಲಿ ಠಾಣೆಗೆ ತಿಳಿಸುವುದು. ಡೆಸ್ಕಿಗೆ ಹೊಸದಾಗಿ ಸೇರಿದ್ದಾಗ ಅವನ್ನು ಬರೆಯುವ ಕೆಲಸ ನನ್ನದು. ಒಂದು ಮಧ್ಯಾಹ್ನ ವಯಸ್ಸಾದ ಒಬ್ಬರು ಬಂದರು. ಮೋಹನನ ಪ್ರಕರಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗಳು ಮನೆ ಬಿಟ್ಟು ಹೋಗಿ ಒಂಬತ್ತು ದಿನವಾಗಿತ್ತು. ಠಾಣೆಯಲ್ಲಿ ಬರೆದುಕೊಟ್ಟ ಚೀಟಿಯ ಹಿಂಬದಿಗೆ ಅವರೇ ಇನ್ನೂ ಎರಡು ಸಾಲು ಪೆನ್ಸಿಲಿನಲ್ಲಿ ಬರೆದು ತಂದಿದ್ದರು. ಅದನ್ನೂ ಹಾಕಿ ಎಂದರು. ಮೈಬಣ್ಣ, ಎತ್ತರ ಇದ್ದರೆ ಸಾಕು, ಇದಕ್ಕೆಲ್ಲ ಜಾಗವಿಲ್ಲ ಎಂದೆ. ಅವರು ಜಗಳ ಮಾಡಲಿಲ್ಲ. ‘ಅಲ್ಲ ಮೇಡಂ, ಎಣ್ಣೆಗೆಂಪು ಅಂತ ಹಾಕಿದರೆ ಊರಲ್ಲಿ ಎಷ್ಟು ಜನ ಉಂಟು. ಇದು ಹಾಕಿದರೆ ಅವಳೇ ಅಂತ ಗೊತ್ತಾಗ್ತದೆ’ ಎಂದರು. ನಾನು ಹೊಡೆದು ಹಾಕಿದೆ. ಮಾರನೇ ದಿನ ಪ್ರಕಟಣೆ ಐದು ಸಾಲಿನಲ್ಲಿ ಬಂತು.

ಕೆಲವು ತಿಂಗಳ ಮೇಲೆ ಆ ಹುಡುಗಿ ತಾನಾಗಿಯೇ ಮನೆಗೆ ಬಂದಳಂತೆ. ಅದನ್ನು ಹೇಳುವುದಕ್ಕೆ ಆ ಅಪ್ಪ ಮತ್ತೆ ಕಚೇರಿಯ ಮೆಟ್ಟಿಲು ಹತ್ತಿ ಬಂದಿದ್ದರು. ಚೀಟಿ ನನ್ನ ಡ್ರಾಯರಿನಲ್ಲಿ ಉಳಿದಿತ್ತು, ಈಗಲೂ ನನ್ನ ಹತ್ತಿರ ಇದೆ. ಹೆಸರು ಬಿಟ್ಟು, ಅವರು ಬರೆದ ಎರಡು ಸಾಲುಗಳನ್ನು ಓದುತ್ತೇನೆ:

“ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಾಳೆ. ಬ್ರಾಂಚಿನಲ್ಲಿ ಇವಳ ಒಂದು ಬೀಡಿಯೂ ಇದುವರೆಗೆ ವಾಪಸು ಬಂದದ್ದಿಲ್ಲ. ಕೆಲಸ ಮಾಡುವಾಗ ರೇಡಿಯೋದ ಜತೆ ಪದ್ಯ ಹೇಳುತ್ತಾಳೆ, ನಾವು ಸುಮ್ಮನಿರು ಎಂದರೆ ಇನ್ನೂ ಜೋರಾಗಿ ಹೇಳುತ್ತಾಳೆ.”